ಎವಾಲ್ಡನ ತಲೆಯೊಳಗಿನ ಮಬ್ಬು

ಎವಾಲ್ಡ್ ಬಿಸ್ಗೋರ್ ನಮ್ಮ ಬಂದರಿನ ಮೀನು ಹರಾಜಿನಲ್ಲಿ ಬೆಲೆ ಕೂಗುತ್ತಿದ್ದವನು. ಡೆನ್ಮಾರ್ಕಿನ ಈ ಪಶ್ಚಿಮ ದಂಡೆಯಲ್ಲಿ ಗಾಳಿ ಸುಮ್ಮನಿರುವ ದಿನವೇ ಅಪರೂಪ. ಆ ಗಾಳಿಯನ್ನೂ, ಹರಾಜು ಶೆಡ್ಡಿನ ತಗಡನ್ನೂ, ಐಸ್ ಸುರಿಯುವ ಯಂತ್ರವನ್ನೂ ಮೀರಿ ಅವನ ಕಂಠ ಆ ತುದಿಯಲ್ಲಿ ದೋಣಿ ತೊಳೆಯುವವರವರೆಗೂ ಕೇಳಿಸುತ್ತಿತ್ತು. ನಾನು ವಿಲ್ಲಿ, ಒಂದು ಮೀನು ಕಂಪನಿಯ ಪರವಾಗಿ ಅವನೆದುರು ನಿಂತು ಕೈ ಎತ್ತುತ್ತಿದ್ದವನು. ನಮ್ಮದು ಒಬ್ಬರನ್ನೊಬ್ಬರು ಬೈದುಕೊಂಡೇ ಬೆಳೆದ ಸ್ನೇಹ.

"ನೋಡಿ, ವಿಲ್ಲಿ ಕೈ ಎತ್ತಿದ. ಈ ಮೀನು ಹಳಸಿದ್ದು ಅಂತ ಖಾತ್ರಿಯಾಯ್ತು," ಎಂದು ಎಲ್ಲರೆದುರು ಕೂಗುತ್ತಿದ್ದ. ಕೊಳ್ಳುವವರೆಲ್ಲ ನಗುತ್ತಿದ್ದರು, ನಾನು ಕೈ ಇಳಿಸುತ್ತಿರಲಿಲ್ಲ.

ಪಾರ್ಕಿನ್ಸನ್ ಕಾಯಿಲೆ ಮೊದಲು ಅವನ ಎಡಗೈಗೆ ಬಂತು, ಆಮೇಲೆ ಕಂಠಕ್ಕೆ. ಅವನಿಗೆ ತಾನು ಕೂಗುತ್ತಿದ್ದೇನೆ ಎಂದೇ ಅನಿಸುತ್ತಿತ್ತು, ನಮಗೆ ಕೇಳುತ್ತಿದ್ದದ್ದು ಪಿಸುಮಾತು. ಅಷ್ಟರಲ್ಲಿ ಹರಾಜಿಗೆ ಗೋಡೆಯಗಲದ ಕಂಪ್ಯೂಟರ್ ಪರದೆಯೂ ಬೆಲೆ ಒತ್ತುವ ಗುಂಡಿಗಳೂ ಬಂದವು, ಕೂಗುವವನೇ ಬೇಡವಾದ. "ನಾನೂ ನನ್ನ ಗಂಟಲೂ ಒಟ್ಟಿಗೇ ರಿಟೈರ್ ಆದ್ವಿ ಮಾರಾಯ. ಒಬ್ಬರಿಗೊಬ್ಬರು ಕಾಯುವ ಕೆಲಸ ಇಲ್ಲ," ಎಂದ. ಇದನ್ನು ಯಾಕೆ ಮೊದಲೇ ಹೇಳುತ್ತಿದ್ದೇನೆಂದರೆ, ಆ ಕಾಯಿಲೆ ಹೊತ್ತು ಅವನು ವರ್ಷಗಟ್ಟಲೆ ನಗುತ್ತಲೇ ಬಾಳಿದ. ಕೈ ನಡುಗಿ ಕಾಫಿ ಚೆಲ್ಲಿದರೆ "ಸಮುದ್ರ ಇವತ್ತು ಸ್ವಲ್ಪ ಜೋರುಂಟು" ಅನ್ನುತ್ತಿದ್ದ. ಮುಂದೆ ನಡೆದದ್ದನ್ನು ಕೇಳುವವರು ಇದನ್ನು ಮರೆಯಬಾರದು.

ಅವನ ನಗುವಿಗೆ ಒಂದು ಕಾರಣವಿತ್ತು. ಮಗ ರೂನೆ. ಹುಟ್ಟಿನಿಂದ ಡೌನ್ ಸಿಂಡ್ರೋಮ್ ಇದ್ದ ಹುಡುಗ, ಆಗಲೇ ಮೂವತ್ತು ದಾಟಿದ್ದ. ಗಿಡ್ಡ ಆಳು, ಅಗಲ ಹೆಗಲು, ಅಪ್ಪನದೇ ಹಳದಿ ರಬ್ಬರು ಏಪ್ರನ್ ನೆಲಕ್ಕೆ ತಾಗುವಂತೆ ಕಟ್ಟಿಕೊಂಡು ದಿನಾ ಹರಾಜಿಗೆ ಬರುತ್ತಿದ್ದ. ಮಾರಾಟವಾದ ಪೆಟ್ಟಿಗೆಗಳ ಮೇಲೆ ಕೊಂಡವರ ಬಣ್ಣದ ಚೀಟಿ ಅಂಟಿಸುವುದು ಅವನ ಕೆಲಸ. ಸಂಬಳವಿಲ್ಲ, ಆದರೆ ಬರದಿದ್ದರೆ ಎಲ್ಲರೂ ಕೇಳುತ್ತಿದ್ದರು. ಅಪ್ಪನ ಕೆಲಸ ಹೋದಮೇಲೂ ಇಬ್ಬರೂ ಬರುವುದು ನಿಲ್ಲಲಿಲ್ಲ. ಕೆಲಸ ಮುಗಿದ ಮೇಲೆ ನಾವು ಮೂವರೂ ಶೆಡ್ಡಿನ ಹಿಂದೆ ಗಾಳಿ ತಾಗದ ಕಡೆ ಕೂತು ಕಪ್ಪು ರೈ ಬ್ರೆಡ್ಡಿನ ಮೇಲೆ ಉಪ್ಪು ಹೆರಿಂಗ್ ಮೀನು ಇಟ್ಟುಕೊಂಡು ತಿನ್ನುತ್ತಿದ್ದೆವು. ಎವಾಲ್ಡನ ಪಿಸುಮಾತು ಮೊದಲು ಅರ್ಥವಾಗುತ್ತಿದ್ದದ್ದು ರೂನೆಗೆ. ನಾನು "ಎಂತದು?" ಎಂದು ಕಿವಿ ಒಡ್ಡುವ ಮುಂಚೆಯೇ ಅವನು "ಅಪ್ಪನಿಗೆ ಸಾಸಿವೆ ಬೇಕು" ಎನ್ನುತ್ತಿದ್ದ.

ಎವಾಲ್ಡನ ಹೆಂಡತಿ ಗೆರ್ಡಾ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು. ಬೆನ್ನುನೋವಿನ ಹೆಂಗಸು, ಮಾತು ಕಡಿಮೆ, ಕೆಲಸ ಜಾಸ್ತಿ. ಅವಳನ್ನು ಕೆಟ್ಟವಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಆ ಮನೆಯಲ್ಲಿ ಇಬ್ಬರು ಗಂಡಸರ ಶೂಗಳ ದಾರ ಕಟ್ಟುತ್ತಿದ್ದವಳು ಅವಳು.

ಒಂದು ಚಳಿಗಾಲ ಎವಾಲ್ಡ್ ಬಚ್ಚಲುಮನೆಯಲ್ಲಿ ಜಾರಿ ಬಿದ್ದ. ರೂನೆಗೆ ಅಪ್ಪನನ್ನು ಎತ್ತಲಾಗಲಿಲ್ಲ. ಟವೆಲು ಮಡಿಸಿ ತಲೆಯ ಕೆಳಗಿಟ್ಟು, ತಾನೂ ಪಕ್ಕದಲ್ಲಿ ಒದ್ದೆ ನೆಲದ ಮೇಲೆ ಮಲಗಿಬಿಟ್ಟ. ಗೆರ್ಡಾ ಕೆಲಸದಿಂದ ಬಂದು ನೋಡಿದಾಗ ಅಪ್ಪ ಮಗ ಇಬ್ಬರೂ ಹಾಗೇ ಇದ್ದರು, ಚಳಿಗೆ ತುಟಿ ನೀಲಿಯಾಗಿತ್ತು.

"ಇಬ್ಬರೂ ನಗ್ತಾ ಇದ್ರು ವಿಲ್ಲಿ," ಎಂದಳು ಗೆರ್ಡಾ ಆಮೇಲೆ ನನ್ನೊಡನೆ. "ನಾನು ಬಾಗಿಲು ಒಡೆದು ಒಳಗೆ ಹೋದ್ರೆ ಇವರಿಬ್ಬರೂ ನಗ್ತಾ ಇದ್ರು. ನಂಗೆ ಆ ನಗು ನೋಡಿ ಇನ್ನು ಆಗುದಿಲ್ಲ ಅನಿಸ್ತು."

ಅವಳು ಪುರಸಭೆಗೆ ಅರ್ಜಿ ಹಾಕಿದಳು. ರೂನೆಗೆ ಒಳನಾಡಿನ ಒಂದು ವಸತಿಗೃಹದಲ್ಲಿ ಜಾಗ ಸಿಕ್ಕಿತು. ಕಾರಿನಲ್ಲಿ ಒಂದು ಗಂಟೆಗೂ ಹೆಚ್ಚಿನ ದಾರಿ. ಎವಾಲ್ಡ್ ಬೇಡ ಎನ್ನಲಿಲ್ಲ. ಹೆಂಡತಿಯ ಬೆನ್ನು ಅವನ ಕಣ್ಣೆದುರೇ ಬಾಗಿತ್ತು, ಯಾವ ಬಾಯಲ್ಲಿ ಬೇಡ ಎಂದಾನು? ರೂನೆ ಪ್ರವಾಸಕ್ಕೆ ಹೊರಟವನಂತೆ ಖುಷಿಯಿಂದ ವ್ಯಾನು ಹತ್ತಿದ. ಎಲ್ಲರ ಕೈ ಕುಲುಕಿದ. ಅಪ್ಪನಿಗೆ "ನೀನು ಆ ಕಡೆಯಿಂದ ಹತ್ತು" ಎಂದು ಇನ್ನೊಂದು ಬಾಗಿಲು ತೋರಿಸಿದ.

ಹುಡುಗ ಒಗ್ಗಿಕೊಳ್ಳುವವರೆಗೆ ಯಾರೂ ಬರಬೇಡಿ ಎಂದರು ಅಲ್ಲಿನವರು. ಆಮೇಲೆ ಹೋದಾಗಲೆಲ್ಲ, ಇವರು ಹೊರಟ ಮೇಲೆ ರೂನೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ, ಹಾಗಾಗಿ ಸ್ವಲ್ಪ ವಿರಳವಾಗಿ ಬನ್ನಿ ಎಂದರು. ಗೆರ್ಡಾ ವಿರಳ ಮಾಡಿದಳು. ಎವಾಲ್ಡನ ಡ್ರೈವಿಂಗ್ ಪರವಾನಗಿ ಕಾಯಿಲೆಯ ಕಾರಣಕ್ಕೆ ಮೊದಲೇ ಹೋಗಿತ್ತು, ಅವಳು ಕರೆದೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎವಾಲ್ಡ್ ನಿಂತುಹೋದ. ಬೇರೆ ಶಬ್ದ ನನಗೆ ಸಿಗುವುದಿಲ್ಲ. ಗಡ್ಡ ಹೆರೆಯುವುದು ಬಿಟ್ಟ, ಊಟ ಅರ್ಧ ಬಿಟ್ಟ, ಹರಾಜಿನ ಕಡೆ ಬರುವುದನ್ನೂ ಬಿಟ್ಟ. ಅಂಗಳ ಕಾಣುವ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತರೆ ಕೂತ. ನಾನು ಹೋಗಿ ಬೈದರೂ ತಿರುಗಿ ಬೈಯುತ್ತಿರಲಿಲ್ಲ. ಪಾರ್ಕಿನ್ಸನ್ ವಿಭಾಗದ ನರ್ಸು ನೋಡಿ, ಇದು ಖಿನ್ನತೆ, ಈ ಕಾಯಿಲೆಯವರಲ್ಲಿ ತುಂಬ ಜನಕ್ಕೆ ಬರುತ್ತದೆ ಎಂದಳು. ಮಾತ್ರೆ ಕೊಟ್ಟರು. ಮಾತ್ರೆಯಿಂದ ಬಾಯಿ ಒಣಗಿತು, ಅಷ್ಟೆ.

ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಪಾರ್ಕಿನ್ಸನ್ ಇದ್ದೂ ಖಿನ್ನತೆ ಇರುವವರು, ಪಾರ್ಕಿನ್ಸನ್ ಇದ್ದೂ ಖಿನ್ನತೆ ಇಲ್ಲದವರು, ಈ ಎರಡೂ ಗುಂಪಿನವರ ಮಿದುಳಿನ ಚಿತ್ರ ತೆಗೆದು ವ್ಯತ್ಯಾಸ ನೋಡುವುದು. ನರ್ಸು ಎವಾಲ್ಡನ ಹೆಸರು ಸೂಚಿಸಿದಳು. ಅವನು ಒಪ್ಪುತ್ತಾನೆಂದು ಯಾರೂ ಎಣಿಸಿರಲಿಲ್ಲ. ಒಪ್ಪಿದ, ತಕ್ಷಣ. ಗೆರ್ಡಾಗೆ ಅಂದು ರಜೆ ಸಿಗದು, ವಿಲ್ಲಿಯೇ ಕರೆದುಕೊಂಡು ಹೋಗಲಿ ಎಂದೂ ಅವನೇ ಹೇಳಿದ.

ಊರು ದಾಟಿ ಕಡಲಂಚಿನ ಮರಳುದಿಬ್ಬಗಳು ಹಿಂದೆ ಸರಿದ ಮೇಲೆ ನಾನು ಕೇಳಿದೆ. "ಎಂತ ಮಾರಾಯ, ವಿಜ್ಞಾನದ ಮೇಲೆ ಇಷ್ಟು ಪ್ರೀತಿ ಯಾವಾಗ ಹುಟ್ಟಿತು?"

ಅವನು ಏನೋ ಹೇಳಿದ. ಎಂಜಿನ್ನಿನ ಸದ್ದಿಗೆ ಕೇಳಲಿಲ್ಲ. ಕಾರು ನಿಧಾನ ಮಾಡಿದೆ.

"ದಾರಿ ಆ ಕಡೆಯಿಂದ ಹೋಗ್ತದಲ್ಲ," ಎಂದ. "ರೂನೆ ಇರುವ ಕಡೆಯಿಂದ."

ಆಮೇಲೆ ನನ್ನ ಮುಖ ನೋಡಿ, "ಗೆರ್ಡಾಗೆ ಹೇಳ್ಬೇಡ," ಎಂದ.

ವಸತಿಗೃಹ ಹಳೆಯ ಹಾಲಿನ ಡೇರಿಯ ಕಟ್ಟಡ. ಒಳಗೆ ಬೆಚ್ಚಗಿತ್ತು, ಮೇಣದ ವಾಸನೆ. ಅಲ್ಲಿನವರು ಮೇಣದಬತ್ತಿ ಮಾಡಿ ಪೆಟ್ಟಿಗೆಗೆ ತುಂಬುತ್ತಿದ್ದರು. ರೂನೆ ಮೇಜಿನ ತುದಿಯಲ್ಲಿದ್ದ, ತೆಳ್ಳಗಾಗಿದ್ದ. ಅಪ್ಪನನ್ನು ನೋಡಿದವನೇ ಕೈಯಲ್ಲಿದ್ದ ಬತ್ತಿಯನ್ನು ಜೋಪಾನವಾಗಿ ಕೆಳಗಿಟ್ಟ. ಓಡಿ ಬಂದು ಅಪ್ಪಿಕೊಳ್ಳುತ್ತಾನೆಂದು ನಾನು ಎಣಿಸಿದ್ದೆ. ಅವನು ಅಪ್ಪನ ಕಡೆಗೆ ಬರಲೇ ಇಲ್ಲ. ನೇರ ಗೂಟದ ಹತ್ತಿರ ಹೋಗಿ ತನ್ನ ಕೋಟು ಹಾಕಿಕೊಂಡ, ಟೊಪ್ಪಿ ಹಾಕಿಕೊಂಡ, ಹೊರಗೆ ನಡೆದು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬೆಲ್ಟು ಬಿಗಿದ.

ಡೋರ್ಟೆ ಎಂಬ ಮೇಲ್ವಿಚಾರಕಿ ಹಿಂದೆಯೇ ಬಂದಳು. ಒಳ್ಳೆಯ ಹೆಂಗಸು, ಕೈಯೊರೆಸುತ್ತ ಬಂದಳು. "ಫೋನ್ ಮಾಡಿ ಬರ್ಬೇಕಿತ್ತು ನೀವು," ಎಂದಳು ಮೆಲ್ಲಗೆ.

"ರೂನೆ," ಎಂದ ಎವಾಲ್ಡ್, ಕಾರಿನ ಬಾಗಿಲು ಹಿಡಿದುಕೊಂಡು. "ಇವತ್ತು ಅಲ್ಲ."

"ಇವತ್ತು," ಎಂದ ರೂನೆ.

"ನಂಗೆ ಆಸ್ಪತ್ರೆಗೆ ಹೋಗ್ಲಿಕ್ಕೆ ಉಂಟು."

"ನಾನು ಬರ್ತೇನೆ. ನೀನು ಹೇಳಿದ್ದು ಅವರಿಗೆ ಕೇಳುದಿಲ್ಲ. ನಾನು ಹೇಳ್ತೇನೆ."

ಬೆಲ್ಟು ಬಿಚ್ಚಿಸಿ ಅವನನ್ನು ಇಳಿಸಲು ಡೋರ್ಟೆಗೂ ಇನ್ನೊಬ್ಬನಿಗೂ ತುಂಬ ಹೊತ್ತು ಬೇಕಾಯಿತು. ಅವನು ಕಿರುಚಲಿಲ್ಲ, ಮುಂದಿನ ಸೀಟನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದಿದ್ದ. ನಾನು ಬೇರೆ ಕಡೆ ನೋಡಿದೆ. ಎವಾಲ್ಡ್ ನೋಡುತ್ತಲೇ ಇದ್ದ. ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಆ ಕಾಯಿಲೆ ಮುಖದ ಸ್ನಾಯುಗಳನ್ನೂ ಬಿಗಿದುಬಿಡುತ್ತದೆ, ಅತ್ತರೂ ನಕ್ಕರೂ ಒಂದೇ ಹಲಗೆ.

ಅದೇ ಮುಖ ಹೊತ್ತು ಅವನು ಹೋಗಿ ಆ ಯಂತ್ರದೊಳಗೆ ಮಲಗಿದ.

ಆ ಅಧ್ಯಯನ ನಡೆಸುತ್ತಿದ್ದವಳು ಸಿಗ್ನೆ ಎಂಬ ಡಾಕ್ಟರು. ನಲವತ್ತರೊಳಗಿನವಳು, ಅವಸರವಿಲ್ಲದ ಮಾತು. ಮೊದಲು ಪ್ರಶ್ನೆಗಳು. ನಿದ್ದೆ ಬರುತ್ತದೆಯೇ, ಹಸಿವು ಉಂಟೇ, ಬದುಕು ಸಾಕೆನಿಸಿದೆಯೇ. ಎವಾಲ್ಡ್ ಒಂದೊಂದಕ್ಕೂ ಪಿಸುಗುಟ್ಟಿದ, ಅವಳು ಕುರ್ಚಿ ಎಳೆದು ಹತ್ತಿರ ಕೂತು ಕೇಳಿದಳು.

"ಇದೆಲ್ಲ ಯಾವಾಗಿಂದ ಶುರುವಾಯ್ತು ಅಂತ ನೆನಪಿದೆಯಾ?"

"ಮಗ ಹೋದ ದಿನದಿಂದ."

"ತೀರಿಕೊಂಡ್ರಾ?" ಎಂದಳು ಗಾಬರಿಯಿಂದ.

"ಇಲ್ಲ. ಮೇಣದಬತ್ತಿ ಮಾಡ್ತಾ ಇದ್ದಾನೆ."

ನಾನು ಅವಳಿಗೆ ವಿಷಯ ಬಿಡಿಸಿ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದಳು. ಆಮೇಲೆ, "ಈ ಅಧ್ಯಯನದಲ್ಲಿ ಅದನ್ನ ಅಳೆಯೋಕೆ ನಮ್ಮ ಹತ್ರ ಏನೂ ಇಲ್ಲ ಎವಾಲ್ಡ್," ಎಂದಳು. "ನಾವು ನೋಡೋದು ಮಿದುಳಿನ ರಾಸಾಯನಿಕ ಮಾತ್ರ. ನಿಮಗೆ ಇಷ್ಟ ಇಲ್ಲದಿದ್ರೆ ಈಗಲೂ ವಾಪಸ್ ಹೋಗಬಹುದು."

"ತೆಗೀರಿ," ಎಂದ ಅವನು. "ಇಷ್ಟು ದೂರ ಬಂದಾಯ್ತಲ್ಲ."

ರಕ್ತಕ್ಕೆ ಒಂದು ಔಷಧ ಹರಿಸಿದರು. ಅದು ಸ್ವಲ್ಪ ಹೊತ್ತು ಕಿರಣ ಸೂಸಿ ಮಾಯವಾಗುತ್ತದಂತೆ, ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕವನ್ನು ಸಾಗಿಸುವ ನರಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿ ಹೋಗಿ ಅಂಟುತ್ತದಂತೆ. ತಲೆ ಅಲುಗಾಡದಂತೆ ಮುಖಕ್ಕೆ ಒಂದು ಬಿಗಿ ಜಾಳಿಗೆ ಹಾಕಿ ಆ ಉಂಗುರದೊಳಗೆ ತಳ್ಳಿದರು. ಗಾಜಿನಾಚೆ ನಿಂತ ನನಗೆ ಕಂಡದ್ದು ಅವನ ಅಂಗಾಲು ಮಾತ್ರ. ಒಂದು ಕಾಲುಚೀಲ ತಿರುಗುಮುರುಗಾಗಿತ್ತು.

ವಾಪಸು ಬರುವಾಗ ಡೇರಿ ಕಟ್ಟಡದ ಹತ್ತಿರ ನಾನು ಕಾರಿನ ವೇಗ ಕಡಿಮೆ ಮಾಡಿದೆ. ಅವನು ಬೇಡ ಎಂದು ಕೈ ಅಲ್ಲಾಡಿಸಿದ.

ವಸಂತಕಾಲದಲ್ಲಿ ಡಾಕ್ಟರು ಕರೆಸಿದಳು. ತಮ್ಮ ಚಿತ್ರ ನೋಡಬೇಕೆಂದು ಬಯಸಿದವರಿಗೆ ತೋರಿಸುವುದಿತ್ತು. ಬಯಸಿದ್ದು ಎವಾಲ್ಡ್ ಅಲ್ಲ, ಗೆರ್ಡಾ. ಈ ಸಲ ಅವಳೂ ಬಂದಳು. ಕಾರು ಡೇರಿ ಕಟ್ಟಡದ ಮುಂದೆ ಹಾಯುವಾಗ ಎವಾಲ್ಡ್ ಆ ಕಡೆ ತಿರುಗದೆ ರಸ್ತೆಯನ್ನೇ ನೋಡುತ್ತಿದ್ದ.

ಪರದೆಯ ಮೇಲೆ ಎವಾಲ್ಡನ ತಲೆಯನ್ನು ಹಣ್ಣು ಸೀಳಿದಂತೆ ಸೀಳಿ ತೋರಿಸಿದ್ದರು. ಕೆಲವು ಕಡೆ ಕೆಂಪು, ಹಳದಿ, ಅಂಚಿನಲ್ಲಿ ನೀಲಿ. ಪಕ್ಕದಲ್ಲಿ ಇನ್ನೊಬ್ಬ ಯಾರದೋ ತಲೆ. ಅದರ ನಟ್ಟನಡುವೆ ಬೆಂಕಿಯ ಹಾಗೆ ಹೊಳೆಯುತ್ತಿದ್ದ ಜಾಗ ಇವನಲ್ಲಿ ಮಬ್ಬಾಗಿತ್ತು.

"ಇಲ್ಲಿ ಕಡಿಮೆಯಾಗಿದೆ," ಎಂದಳು ಸಿಗ್ನೆ. "ಖಿನ್ನತೆ ಇರೋ ಗುಂಪನ್ನ ಒಟ್ಟಾಗಿ ನೋಡಿದರೆ ಈ ಭಾಗ ಉಳಿದವರಿಗಿಂತ ಸ್ವಲ್ಪ ಮಬ್ಬಾಗಿರತ್ತೆ. ಆದರೆ ಒಂದು ಮಾತು. ಇದು ಗುಂಪಿನ ಲೆಕ್ಕ. ಒಬ್ಬ ಮನುಷ್ಯನ ಚಿತ್ರ ಹಿಡಿದು, ಅವರ ದುಃಖಕ್ಕೆ ಇದೇ ಕಾರಣ ಅಂತ ಹೇಳೋಕೆ ಬರಲ್ಲ. ಇಷ್ಟೇ ಮಬ್ಬಾಗಿದ್ದೂ ಆರಾಮಾಗಿ ಇರೋರು ಇದ್ದಾರೆ."

ಗೆರ್ಡಾ ಅಷ್ಟರಲ್ಲಿ ಅಳಲು ಶುರುಮಾಡಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದು, ಹೆಗಲು ಕುಲುಕುವಂತೆ. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಾಗಾದ್ರೆ ಇದು ಕಾಯಿಲೆ," ಎಂದಳು. "ಕಾಯಿಲೆಯೇ."

"ಕಾಯಿಲೆಯ ಪಾಲು ಇರಬಹುದು. ಆದರೆ ಬದುಕಿನಲ್ಲಿ ಆಗಿರೋದು..."

"ಅಲ್ಲಿ ಕಾಣ್ತದಲ್ಲ, ಮಬ್ಬು," ಎಂದು ಗೆರ್ಡಾ ಪರದೆಗೆ ಬೆರಳು ತಾಗಿಸಿದಳು. "ಇದರ ಒಂದು ಪ್ರತಿ ಕೊಡ್ತೀರಾ?"

ಎವಾಲ್ಡ್ ನನ್ನ ಕಡೆ ಬಾಗಿ ಏನೋ ಅಂದ. ನಾನು ಕಿವಿ ಕೊಟ್ಟೆ. "ಹಣ್ಣು ಕೊಳೆತದ್ದು," ಎಂದ. "ಬೆಲೆ ಬರುದಿಲ್ಲ."

ಗೆರ್ಡಾ ಆ ಚಿತ್ರವನ್ನು ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಕಾಫಿಗೆ ಬಂದ ನೆರೆಯವರಿಗೆಲ್ಲ ತೋರಿಸಿದಳು. "ಇಲ್ಲಿ ನೋಡಿ, ಇದು. ಇದರಿಂದಾಗಿ ಅವನು ಹಾಗೆ." ನೆರೆಯವರು ಕೇಕಿನ ತಟ್ಟೆ ಕೈಯಲ್ಲಿ ಹಿಡಿದು ಬಾಗಿ ನೋಡಿ, ಪಾಪ ಎಂದು, ಅದೇ ಕೋಣೆಯಲ್ಲಿ ಕೂತಿದ್ದ ಎವಾಲ್ಡನ ಕಡೆ ನೋಡದೆ ಹೋಗುತ್ತಿದ್ದರು. ಕೆಲವು ಸಮಯ ಅವಳ ಮುಖ ಸಡಿಲವಾದದ್ದು ನಿಜ. ಹಾಡು ಗುನುಗುತ್ತ ಪಾತ್ರೆ ತೊಳೆದಳು.

ಇದರ ನಡುವೆ ಎವಾಲ್ಡ್ ಒಂದು ಉಪಾಯ ಹುಡುಕಿಕೊಂಡಿದ್ದ. ಪುರಸಭೆಯಿಂದ ಮನೆಗೇ ಸಹಾಯಕರು ಬರುವ ವ್ಯವಸ್ಥೆ ಉಂಟು. ತನಗೂ ರೂನೆಗೂ ಇಬ್ಬರಿಗೂ ಸೇರಿ ಅಂಥವರನ್ನು ಕೇಳಿದರೆ ಗೆರ್ಡಾಳ ಬೆನ್ನಿನ ಮೇಲೆ ಭಾರ ಬೀಳುವುದಿಲ್ಲ, ಹುಡುಗ ಮನೆಗೆ ಬರಬಹುದು. ರೂನೆ ವಯಸ್ಕನಾದರೂ ಅವನ ಪರವಾಗಿ ತೀರ್ಮಾನ ಮಾಡುವ ಕಾನೂನಿನ ಹಕ್ಕು ಅಪ್ಪ ಅಮ್ಮ ಇಬ್ಬರಿಗೂ ಸಮನಾಗಿತ್ತು. ಈ ಮಾತು ಅವನು ನನ್ನ ಹತ್ತಿರ ಹೇಳಿದ ದಿನ ಗಡ್ಡ ಹೆರೆದಿದ್ದ, ಕೆನ್ನೆಯಲ್ಲಿ ಎರಡು ಕಡೆ ಕೊಯ್ದುಕೊಂಡಿದ್ದ.

ಗೆರ್ಡಾಗೆ ಹೇಳಿದಾಗ ನಾನೂ ಇದ್ದೆ.

"ಅದು ನೀನು ಹೇಳುದಲ್ಲ ಎವಾಲ್ಡ್," ಎಂದಳು. "ಅದು ಕಾಯಿಲೆ ಹೇಳುದು."

"ನಾನೇ ಹೇಳುದು."

"ಎಂತ ಹೇಳಿದ?" ಎಂದು ನನ್ನನ್ನು ಕೇಳಿದಳು.

"ತಾನೇ ಹೇಳುದಂತೆ," ಎಂದೆ.

ಅವಳು ಫ್ರಿಜ್ಜಿನ ಕಡೆ ನೋಡಿ, ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು.

ಅವನು ತಾನೊಬ್ಬನೇ ಅರ್ಜಿ ಹಾಕಿದ. ಕಚೇರಿಯವರು ಇಬ್ಬರನ್ನೂ ಕರೆದರು. ಕರೆದೊಯ್ದವನು ನಾನೇ, ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿದವನೂ ನಾನೇ. ಅಧಿಕಾರಿಣಿ ನಯವಾದವಳು, ಮೇಜಿನ ಮೇಲೆ ನೀರಿನ ಲೋಟ ಇಟ್ಟಳು. ಎವಾಲ್ಡ್ ಅದನ್ನು ಮುಟ್ಟಲಿಲ್ಲ, ಚೆಲ್ಲುತ್ತದೆಂಬ ಭಯ. ಅವನು ಸಿದ್ಧಮಾಡಿಕೊಂಡು ಬಂದಿದ್ದನ್ನೆಲ್ಲ ಹೇಳಿದ. ಬಂದರಿನ ಆ ತುದಿಗೆ ಕೇಳುತ್ತಿದ್ದ ಕಂಠದಿಂದ ಮೇಜಿನ ಆಚೆಗೂ ಮಾತು ದಾಟಲಿಲ್ಲ. ಅಧಿಕಾರಿಣಿ ಎರಡು ಸಲ "ಕ್ಷಮಿಸಿ?" ಎಂದಳು. ಮೂರನೆಯ ಸಲ ಗೆರ್ಡಾಳ ಮುಖ ನೋಡಿದಳು.

"ಮಗನನ್ನು ಮನೆಗೆ ತರ್ಬೇಕು ಅಂತಾರೆ," ಎಂದಳು ಗೆರ್ಡಾ. "ಅವರಿಗೆ ಮನಸ್ಸು ಸರಿ ಇಲ್ಲ." ಚೀಲದಿಂದ ಚಿತ್ರ ತೆಗೆದು ಮೇಜಿನ ಮೇಲಿಟ್ಟಳು. "ಇದು ಯೂನಿವರ್ಸಿಟಿ ಆಸ್ಪತ್ರೆಯದ್ದು. ಇಲ್ಲಿ ನೋಡಿ, ಈ ಜಾಗ."

ಅಧಿಕಾರಿಣಿ ಚಿತ್ರವನ್ನು ತುಂಬ ಗೌರವದಿಂದ ಎತ್ತಿಕೊಂಡಳು. ಅದರಲ್ಲಿ ಅವಳಿಗೆ ಏನು ಅರ್ಥವಾಯಿತೋ ನನಗೆ ತಿಳಿಯದು. ನನಗಂತೂ ಎಂದೂ ಏನೂ ಅರ್ಥವಾಗಿರಲಿಲ್ಲ. ನಾನು ಎದ್ದು, "ಡಾಕ್ಟರು ಹಾಗೆ ಹೇಳಿಲ್ಲ," ಎಂದೆ. ನೀವು ಕುಟುಂಬದವರೇ ಎಂದು ಕೇಳಿದಳು. ಅಲ್ಲ ಎಂದೆ. ಹಾಗಿದ್ದರೆ ದಯವಿಟ್ಟು ಕೂತುಕೊಳ್ಳಿ ಎಂದಳು.

ಅರ್ಜಿ ಬಿದ್ದುಹೋಯಿತು, ಅಷ್ಟೇ ಅಲ್ಲ. ಅವನ ಆರೋಗ್ಯದ ಸ್ಥಿತಿ ನೋಡಿ ಮಗನ ಮೇಲಿನ ಹಕ್ಕನ್ನೂ ಅವನ ಹೆಸರಿನಿಂದ ತೆಗೆದರು. ಗೆರ್ಡಾ ಒಬ್ಬಳಿಗೇ ಉಳಿಯಿತು. ಮಗನ ಮುಖ ನೋಡುವ ದಾರಿಯೆಂದು ಅವನು ಹೋಗಿ ಮಲಗಿದ ಯಂತ್ರ ಅವನಿಂದ ಮಗನನ್ನು ಕಾನೂನುಬದ್ಧವಾಗಿ ಕಿತ್ತುಕೊಂಡಿತು.

ನಾನು ಸಿಗ್ನೆಗೆ ಫೋನು ಮಾಡಿದೆ. "ಅದನ್ನ ಅಲ್ಲಿಗೆ ತಗೊಂಡು ಹೋದ್ರಾ," ಎಂದಳು. "ನಾನು ಕೊಡಲೇಬಾರದಿತ್ತು." ಅವಳು ಕಚೇರಿಗೆ ತಾನೇ ಮಾತಾಡಿದಳು, ಇಂಥ ತೀರ್ಮಾನಕ್ಕೆ ಆ ಚಿತ್ರ ಆಧಾರವಾಗದು ಎಂದು ತಿಳಿಸಿದಳು. ತಾವು ಚಿತ್ರದ ಮೇಲೆ ತೀರ್ಮಾನಿಸಿಲ್ಲ, ಒಟ್ಟಾರೆ ಪರಿಸ್ಥಿತಿ ನೋಡಿ ತೀರ್ಮಾನಿಸಿದ್ದೇವೆ ಎಂದು ಅವರು ಉತ್ತರ ಕೊಟ್ಟರು. ನಯವಾಗಿಯೇ.

ಅದೇ ವಾರ ಗೆರ್ಡಾ ಬಟ್ಟೆ ಒಣಗಿಸುವಾಗ ನಾನು ಅವಳ ಅಂಗಳಕ್ಕೆ ಹೋಗಿ ಜಗಳ ತೆಗೆದೆ. ಗಾಳಿಗೆ ಹಾಸುಬಟ್ಟೆಗಳು ಪಟಪಟ ಬಡಿಯುತ್ತಿದ್ದವು. ನಾವು ಕೂಗಿಯೇ ಮಾತಾಡಬೇಕಾಯಿತು.

"ಡಾಕ್ಟರು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಂಗೆ ಕೇಳಿಸ್ತಾ ಗೆರ್ಡಾ?"

"ನೀನು ಎಷ್ಟು ಸಲ ಅವನ ಹಾಸಿಗೆ ಬದಲಾಯಿಸಿದ್ದಿ?" ಎಂದಳು. "ಹೇಳು. ಬರ್ತೀಯ, ಕಾಫಿ ಕುಡೀತೀಯ, ಬೈದು ನಗಿಸಿ ಹೋಗ್ತೀಯ. ನೀನು ಒಳ್ಳೆಯವನು. ರೂನೆಯೂ ಅವನೂ ಸೇರಿ ನಗ್ಲಿಕ್ಕೆ ಉಂಟು, ನಾನು ಒರೆಸ್ಲಿಕ್ಕೆ ಉಂಟು. ಸಹಾಯಕರು ಬರ್ತಾರಂತೆ. ರಾತ್ರಿಗೆ ಬರ್ತಾರಾ? ಭಾನುವಾರ ಬರ್ತಾರಾ?"

"ಅವನಿಗೆ ಮಗ ಬೇಕು. ಅದಕ್ಕೆ ಯಂತ್ರ ಬೇಕಾ ಕಾಣ್ಲಿಕ್ಕೆ?"

ಅವಳು ಕ್ಲಿಪ್ಪು ಕೈಯಲ್ಲಿ ಹಿಡಿದು ನಿಂತಳು. "ಅದು ಅವನ ತಲೆಯೊಳಗೆ ಇಲ್ಲದಿದ್ರೆ ನನ್ನಿಂದ ಆದದ್ದು," ಎಂದಳು. ಈಗ ಕೂಗಲಿಲ್ಲ. "ಹಾಗಂತ ತಿಳ್ಕೊಂಡು ನಾನು ಈ ಮನೆಯಲ್ಲಿ ಹೇಗೆ ಇರ್ಲಿ? ನೀನು ಹೇಳು."

ಒಂದು ಹಾಸುಬಟ್ಟೆ ನನ್ನ ಮುಖಕ್ಕೆ ಬಡಿಯಿತು, ಅದನ್ನು ಸರಿಸಿ ಮನೆಗೆ ಬಂದೆ.

ಆಮೇಲೆ ಎವಾಲ್ಡ್ ಜಗಳಕ್ಕೂ ಇಲ್ಲ, ಬೇಡಿಕೆಗೂ ಇಲ್ಲ. ಕೊಟ್ಟದ್ದು ತಿಂದ, ಮಾತ್ರೆ ನುಂಗಿದ. ನರ್ಸು ಹೇಗಿದ್ದೀರಿ ಎಂದರೆ "ಪರವಾಗಿಲ್ಲ" ಎಂದ. ನರ್ಸಿಗೆ ಸಂತೋಷವಾಯಿತು, ಸುಧಾರಣೆ ಎಂದಳು. ಒಂದು ಮಧ್ಯಾಹ್ನ ನಾನು ರೂನೆಯ ಹೆಸರೆತ್ತಿದೆ. ನನ್ನ ಕಾರಿನಲ್ಲಿ ಹೋಗಿ ಬರುವ, ಯಾರನ್ನೂ ಕೇಳುವುದು ಬೇಡ ಎಂದೆ. ಅವನು ನಡುಗುವ ಬೆರಳನ್ನು ಕಷ್ಟಪಟ್ಟು ಹಣೆಗೆ ತಾಗಿಸಿದ.

"ಅದು ಇಲ್ಲಿಂದ ಬರ್ತದಂತೆ," ಎಂದ.

ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ. ಮುಖ ನೋಡಿದರೆ ಹಲಗೆ. ಇಷ್ಟು ವರ್ಷ ಅವನ ಪ್ರತಿ ತಮಾಷೆಯನ್ನೂ ಮೊದಲು ಹಿಡಿಯುತ್ತಿದ್ದವನು ನಾನು. ಅಂದು ಹಿಡಿಯಲಾಗಲಿಲ್ಲ.

"ಅವನು ಕೋಟು ಹಾಕ್ತಾನೆ ಮಾರಾಯ," ಎಂದ ಸ್ವಲ್ಪ ಹೊತ್ತಿನ ಮೇಲೆ. "ಆಮೇಲೆ ಬಿಚ್ಚಿಸ್ಬೇಕು. ಬೇಡ."

ಮುಂದಿನ ಚಳಿಗಾಲ ನುಂಗಿದ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯಿತು. ಎವಾಲ್ಡ್ ಹೆಚ್ಚು ದಿನ ನರಳಲಿಲ್ಲ. ಶವಸಂಸ್ಕಾರಕ್ಕೆ ರೂನೆಯನ್ನು ಡೋರ್ಟೆ ಕರೆತಂದಳು. ಹೊಸ ಕಪ್ಪು ಪ್ಯಾಂಟು ಹಾಕಿದ್ದ. ಪಾದ್ರಿ ಮಾತಾಡುವಾಗ ಅವನು ಜೋರಾಗಿ "ಅಪ್ಪನಿಗೆ ಎಂತ ಬೇಕಂತೆ?" ಎಂದು ಕೇಳಿದ. ಆಮೇಲೆ ಸಭಾಭವನದಲ್ಲಿ ಕಾಫಿ ಕೊಡುವಾಗ ಗೆರ್ಡಾ ಒಬ್ಬೊಬ್ಬರ ಕೈ ಹಿಡಿದೂ ಅದೇ ಹೇಳಿದಳು. "ಕೊನೆಯ ವರ್ಷಗಳಲ್ಲಿ ಅವನು ಅವನಾಗಿರ್ಲಿಲ್ಲ. ಮಿದುಳು."

ತೀರಿಕೊಂಡ ಮೇಲೆ ಮಿದುಳನ್ನು ಅಧ್ಯಯನಕ್ಕೆ ಕೊಡುವುದಕ್ಕೆ ಎವಾಲ್ಡ್ ಮೊದಲೇ ಒಪ್ಪಿದ್ದ. ಗೆರ್ಡಾ ತಡೆಯಲಿಲ್ಲ, ಬದಲಿಗೆ ಅವಸರ ಮಾಡಿದಳು. "ಹೊರಗಿನಿಂದ ಫೋಟೋ ತೆಗೆದದ್ದಲ್ಲವಾ ಅದು," ಎಂದಳು ನನಗೆ. "ಈಗ ಒಳಗೇ ನೋಡ್ತಾರೆ. ಈಗ ಸರಿಯಾಗಿ ಗೊತ್ತಾಗ್ತದೆ."

ಬೇಸಿಗೆಯಲ್ಲಿ ಸಿಗ್ನೆ ಫೋನು ಮಾಡಿದಳು. ನಾನು ಗೆರ್ಡಾಳ ಮನೆಯ ಮಳೆನೀರಿನ ಕೊಳವೆ ರಿಪೇರಿಗೆಂದು ಹೋಗಿದ್ದೆ. ನಮ್ಮ ಜಗಳ ಅಷ್ಟರಲ್ಲಿ ತನ್ನಷ್ಟಕ್ಕೆ ತಣ್ಣಗಾಗಿತ್ತು, ಆ ವಯಸ್ಸಿನಲ್ಲಿ ಜಗಳ ಸಾಕುವುದೂ ಕಷ್ಟ. ಗೆರ್ಡಾ ನನ್ನನ್ನು ಒಳಗೆ ಕರೆದು, ಫೋನನ್ನು ಮೇಜಿನ ಮೇಲಿಟ್ಟು ಇಬ್ಬರಿಗೂ ಕೇಳುವಂತೆ ಮಾಡಿದಳು.

ಪಾರ್ಕಿನ್ಸನ್ ಇದ್ದದ್ದು ಖಚಿತ ಎಂದಳು ಸಿಗ್ನೆ. ಮಿದುಳಿನ ಬುಡದಲ್ಲಿ ಕಾಯಿಲೆ ಎಷ್ಟು ಹರಡಿತ್ತು ಎಂದು ವಿವರಿಸಿದಳು.

"ಆ ಜಾಗ?" ಎಂದಳು ಗೆರ್ಡಾ. "ದುಃಖದ ಜಾಗ. ಅದು ಸಿಕ್ತಾ?"

"ಆ ಭಾಗದಲ್ಲಿ ಜೀವಕೋಶಗಳು ಕಡಿಮೆಯಾಗಿದ್ದವು, ನಿಜ."

"ಹಾಗಾದ್ರೆ ಅದರಿಂದಲೇ."

"ಗೆರ್ಡಾ, ನಾನು ನಿಮಗೆ ಸುಳ್ಳು ಹೇಳಲ್ಲ," ಎಂದಳು ಸಿಗ್ನೆ. "ಎವಾಲ್ಡ್ ಅವರಿಗಿಂತ ಜಾಸ್ತಿ ಕಳ್ಕೊಂಡಿದ್ದೂ ಕೊನೇವರೆಗೂ ನಗ್ತಾ ಇದ್ದವರನ್ನ ನಾವು ನೋಡಿದ್ದೀವಿ. ಅವರಿಗೆ ದುಃಖ ಸುಲಭವಾಗಿ ಅಂಟೋ ಹಾಗೆ ಕಾಯಿಲೆ ಮಾಡಿರಬಹುದು. ಆದರೆ ದುಃಖ ಯಾತಕ್ಕೆ ಅನ್ನೋದನ್ನ ಇದರಲ್ಲಿ ಓದೋಕೆ ಆಗಲ್ಲ. ಅದನ್ನ ಅವರೇ ನನಗೆ ಹೇಳಿದ್ರು, ಮೊದಲ ದಿನವೇ."

ಗೆರ್ಡಾ ಥ್ಯಾಂಕ್ಸ್ ಹೇಳಿದಳು, ಡಾಕ್ಟರ ಆರೋಗ್ಯ ವಿಚಾರಿಸಿದಳು, ಫೋನು ಇಟ್ಟಳು. ಮೇಜಿನ ಬಟ್ಟೆಯ ಸುಕ್ಕನ್ನು ಅಂಗೈಯಿಂದ ತುಂಬ ಹೊತ್ತು ನೇರ ಮಾಡಿದಳು.

"ಯಾರಿಗೂ ಗೊತ್ತಿಲ್ಲ ಹಾಗಾದ್ರೆ," ಎಂದಳು. "ನಿಂಗೆ ಗೊತ್ತುಂಟಾ ವಿಲ್ಲಿ?"

"ಗೊತ್ತುಂಟು," ಎಂದೆ.

"ನಂಗೂ ಗೊತ್ತುಂಟು," ಎಂದಳು. "ಮೊದಲಿಂದಲೂ."

ಕೊಳವೆಯ ಕೆಲಸ ಬಾಕಿ ಇತ್ತು. ನಾನು ಏಣಿ ಹತ್ತಿದೆ.

ಈಗ ಅವಳು ಪ್ರತಿ ಭಾನುವಾರ ಬಸ್ಸು ಹಿಡಿದು ರೂನೆಯನ್ನು ನೋಡಲು ಹೋಗುತ್ತಾಳೆ. ಮಗ ಮನೆಗೆ ಬರಲಿ ಎಂದು ಹೋದ ಬೇಸಿಗೆ ಅವಳೇ ಕೇಳಿದ್ದಳಂತೆ, ರೂನೆ ಬೇಡ ಎಂದನಂತೆ. ರೂನೆಗೆ ಅಲ್ಲಿ ಒಬ್ಬ ಗೆಳತಿ ಇದ್ದಾಳೆ, ಇಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡುತ್ತಾರೆ. ಅವನು ಅಮ್ಮ ತಂದ ಕೇಕು ತಿಂದು, ಬಾಯಿ ಒರೆಸಿಕೊಂಡು, ಇನ್ನು ಹೋಗ್ತೇನೆ ಎಂದು ಅಮ್ಮನ ಕೈ ಕುಲುಕಿ ಎದ್ದುಹೋಗುತ್ತಾನೆ. ವಾಪಸು ಬಸ್ಸಿಗೆ ಇನ್ನೂ ತುಂಬ ಹೊತ್ತಿರುತ್ತದೆ. ಗೆರ್ಡಾ ಡೇರಿ ಕಟ್ಟಡದ ಎದುರಿನ ನಿಲ್ದಾಣದಲ್ಲಿ ಬೆನ್ನಿಗೆ ಕೈ ಕೊಟ್ಟು ಕೂತಿರುತ್ತಾಳೆ ಎಂದು ಡೋರ್ಟೆ ಹೇಳಿದಳು. ಒಳಗೆ ಬಂದು ಕಾಯಿರಿ ಎಂದರೂ ಬರುವುದಿಲ್ಲವಂತೆ.